ಮದುವೆಯ ವಿಡಿಯೊ ಬ್ಲೂ-ರೇ ಡಿಸ್ಕಿಗೆ ಇಳಿಯುವ ಬಗೆ

ಬ್ಲೂ-ರೇ ಡಿಸ್ಕ್ ಅಗಲದಲ್ಲೂ ದಪ್ಪದಲ್ಲೂ ಸಿ.ಡಿ., ಡಿ.ವಿ.ಡಿ.ಗಳಂತೆಯೇ ಇರುತ್ತದೆ. ಬೇರೆಯಾಗಿರುವುದು ಅದನ್ನು ಓದುವ ಮತ್ತು ಬರೆಯುವ ಬೆಳಕು. ಸಿ.ಡಿ.ಗೆ 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೇಕು, ಡಿ.ವಿ.ಡಿ.ಗೆ 650, ಬ್ಲೂ-ರೇಗೆ 405. ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತದೆ, ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ಡಿ.ವಿ.ಡಿ.ಯಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ 0.74 ಮೈಕ್ರೋಮೀಟರ್ ಅಂತರವಿದ್ದರೆ ಬ್ಲೂ-ರೇಯಲ್ಲಿ ಅದು 0.32. ಹೀಗಾಗಿ ಡಿ.ವಿ.ಡಿ. 4.7 ಗಿಗಾಬೈಟ್ ಹಿಡಿಯುವ ಜಾಗದಲ್ಲಿ ಬ್ಲೂ-ರೇ ಒಂದೇ ಪದರದಲ್ಲಿ 25, ಎರಡು ಪದರಗಳಲ್ಲಿ 50 ಗಿಗಾಬೈಟ್ ಹಿಡಿಯುತ್ತದೆ. ಇದೇ ನೀಲಿ ಲೇಸರನ್ನು ನೆಚ್ಚಿ ತೋಷಿಬಾ ತಂದ ಎಚ್‌ಡಿ ಡಿ.ವಿ.ಡಿ. ಪೈಪೋಟಿಯಲ್ಲಿ ಸೋತು 2008ರ ಫೆಬ್ರುವರಿಯಲ್ಲಿ ಹಿಂದೆ ಸರಿಯಿತು.

ಬೆಂಗಳೂರಿನಲ್ಲಿ ಮನೆಮಂದಿಗೆ ಈ ಡಿಸ್ಕಿನ ಪರಿಚಯವಾದದ್ದು ಸಿನಿಮಾಕ್ಕಿಂತ ಹೆಚ್ಚಾಗಿ ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೊಗಳ ಮೂಲಕ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕುಟುಂಬಗಳಾಗಲಿ, ಪೀಣ್ಯದ ಕಾರ್ಖಾನೆ ಮಾಲೀಕರಾಗಲಿ, ಧಾರೆಯನ್ನು ಪೂರ್ತಿ ಎಚ್‌ಡಿಯಲ್ಲಿ ತೆಗೆಸುತ್ತಾರೆ. ಈಗ ಅದು ಬಹುಪಾಲು ಪೆನ್‌ಡ್ರೈವ್‌ನಲ್ಲೋ ಲಿಂಕ್ ಆಗಿಯೋ ಕೈಸೇರುತ್ತದೆ. ಆದರೂ ಟಿ.ವಿ. ಮುಂದೆ ಅಜ್ಜ ಅಜ್ಜಿಯ ಜೊತೆ ಕೂತು, ಮೆನುವಿನಲ್ಲಿ ‘ಧಾರೆ’ ಎಂದು ಒತ್ತಿ ನೋಡುವ ಅನುಕೂಲ ಡಿಸ್ಕಿನಲ್ಲಿ ಚೆನ್ನಾಗಿದೆ. ಆ ಡಿಸ್ಕನ್ನು ಮನೆಯ ಕಂಪ್ಯೂಟರಿನಲ್ಲೇ ತಯಾರಿಸಬಹುದು. ರೈಟರ್‌ನಲ್ಲಿ ಡಿಸ್ಕ್ ಬರೆಯುವುದು ಅರ್ಧ ಗಂಟೆಯ ಕೆಲಸ. ಆದರೆ ಡಿಸ್ಕ್ ಬೇರೆಯವರ ಮನೆಯಲ್ಲಿ ಓಡುತ್ತದೋ ಇಲ್ಲವೋ ಎಂಬುದು ಅದಕ್ಕೂ ಮೊದಲು, ಆಥರಿಂಗ್ ಹಂತದಲ್ಲೇ ತೀರ್ಮಾನವಾಗಿರುತ್ತದೆ.

ಆಥರಿಂಗ್ ಎಂದರೆ ಎಡಿಟ್ ಮಾಡಿದ ವಿಡಿಯೊವನ್ನು ಪ್ಲೇಯರ್ ಒಪ್ಪುವ ಕಟ್ಟಿಗೆ ಹೊಂದಿಸುವುದು. ಬರಿಯ ಎಂಪಿ4 ಫೈಲನ್ನು ಡಿಸ್ಕಿಗೆ ಹಾಕಿದರೆ ಅದು ಡೇಟಾ ಡಿಸ್ಕ್ ಆಗುತ್ತದೆಯೇ ಹೊರತು ಬ್ಲೂ-ರೇ ವಿಡಿಯೊ ಆಗುವುದಿಲ್ಲ. ಬ್ಲೂ-ರೇ ವಿಡಿಯೊದಲ್ಲಿ ಬಿಡಿಎಂವಿ ಎಂಬ ಫೋಲ್ಡರ್ ಇರಲೇಬೇಕು. ಅದರೊಳಗೆ ಚಿತ್ರ ಮತ್ತು ಧ್ವನಿ ಕೂಡಿದ ಎಂ2ಟಿಎಸ್ ಫೈಲುಗಳು, ಅವನ್ನು ಯಾವ ಸರದಿಯಲ್ಲಿ ತೋರಿಸಬೇಕೆಂದು ಹೇಳುವ ಪ್ಲೇಲಿಸ್ಟ್, ಮೆನುವಿನ ಆಜ್ಞೆಗಳು ಇರುತ್ತವೆ. ಅಡೋಬಿ ಎನ್‌ಕೋರ್ ಈ ಕೆಲಸಕ್ಕೆ ಬಹಳ ಕಾಲ ಹೆಸರಾಗಿತ್ತು. ಸಿಎಸ್6 ಆವೃತ್ತಿಯೇ ಅದರ ಕೊನೆಯದು. ಟಿಎಸ್‌ಮಕ್ಸರ್, ಮಲ್ಟಿಎವಿಸಿಎಚ್‌ಡಿಯಂಥ ಉಚಿತ ತಂತ್ರಾಂಶಗಳೂ ಇವೆ.

ಚಿತ್ರವನ್ನು ಕುಗ್ಗಿಸಲು ಎಂಪೆಗ್-2, ವಿಸಿ-1, ಎಚ್.264 ಎಂಬ ಮೂರು ವಿಧಾನಗಳಿಗೆ ಮಾತ್ರ ಒಪ್ಪಿಗೆಯಿದೆ. ಈಗ ಎಲ್ಲರೂ ಬಳಸುವುದು ಎಚ್.264. ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಮೂರು ಗಂಟೆಯ ಮದುವೆಯನ್ನು 25 ಗಿಗಾಬೈಟಿನ ಡಿಸ್ಕಿಗೆ ತುಂಬಬೇಕಾದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 18 ಮೆಗಾಬಿಟ್ ಸಿಗುತ್ತದೆ. ಎರಡು ಗಂಟೆಗೆ ಇಳಿಸಿದರೆ 27. ಬ್ಲೂ-ರೇ ಚಿತ್ರಕ್ಕೆ ಗರಿಷ್ಠ 40ರವರೆಗೆ ಅವಕಾಶವಿದೆ. ಹೂವಿನ ಮಂಟಪ, ಜರಿಯ ಸೀರೆ, ಮಿನುಗುವ ದೀಪಗಳು ತುಂಬಿದ ಚಿತ್ರ ಬಿಟ್‌ಗಳನ್ನು ಬಹಳ ಬೇಡುತ್ತದೆ. ಆದ್ದರಿಂದ ಡಿಸ್ಕಿಗೆ ಹಿಡಿಸುವಂತೆ ಹಿಂಡುವುದಕ್ಕಿಂತ ಎರಡು ಡಿಸ್ಕ್ ಮಾಡುವುದು ಮೇಲು. ವಿಂಡೋಸ್ 25 ಗಿಗಾಬೈಟನ್ನು 23.3 ಎಂದು ತೋರಿಸುತ್ತದೆ. ಎಣಿಸುವ ಪದ್ಧತಿ ಬೇರೆ ಅಷ್ಟೆ, ಜಾಗ ಕಳೆದುಹೋಗಿರುವುದಿಲ್ಲ.

ತೊಡಕು ಹೆಚ್ಚಿರುವುದು ಫ್ರೇಮ್‌ಗಳ ವೇಗದಲ್ಲಿ. ಭಾರತದಲ್ಲಿ ವಿಡಿಯೊದವರು ಸೆಕೆಂಡಿಗೆ 25 ಅಥವಾ 50 ಫ್ರೇಮ್ ಲೆಕ್ಕದಲ್ಲಿ ಚಿತ್ರೀಕರಿಸುತ್ತಾರೆ. ಆದರೆ ಸಾಮಾನ್ಯ ಬ್ಲೂ-ರೇಯ ನಿಯಮದಲ್ಲಿ 1080 ಸಾಲಿನ ಪೂರ್ಣ ಫ್ರೇಮುಗಳಿಗೆ 24 ಅಥವಾ 23.976ರ ವೇಗ ಮಾತ್ರ ಇದೆ. 25 ಇಲ್ಲ, 50 ಕೂಡ ಇಲ್ಲ. 25ರ ಚಿತ್ರವನ್ನು 50ಐ ಎಂಬ ಅರ್ಧರ್ಧ ಸಾಲುಗಳ ರೂಪದಲ್ಲಿ ಗುರುತಿಸಿ ಎನ್‌ಕೋಡ್ ಮಾಡಬೇಕು. ಹಾಗೆ ಮಾಡಿದರೆ ಚಿತ್ರ ಕೆಡುವುದಿಲ್ಲ, ಏಕೆಂದರೆ ಎರಡೂ ಅರ್ಧಗಳು ಒಂದೇ ಫ್ರೇಮಿನವು. 50 ಪೂರ್ಣ ಫ್ರೇಮುಗಳ ನಯವಾದ ಚಲನೆಯೇ ಬೇಕಿದ್ದರೆ 720 ಸಾಲುಗಳಿಗೆ ಇಳಿಯಬೇಕು.

ಇಲ್ಲಿಗೇ ಮುಗಿಯುವುದಿಲ್ಲ. ಐ.ಟಿ. ವಲಯದ ಮನೆಗಳಲ್ಲಿ ಒಬ್ಬರಾದರೂ ಅಮೆರಿಕದಲ್ಲಿರುವುದು ಸಾಮಾನ್ಯ, ಡಿಸ್ಕಿನ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ. ಅಲ್ಲಿನ ಅನೇಕ ಪ್ಲೇಯರ್‌ಗಳು 50ಐ ಚಿತ್ರವನ್ನು ತೋರಿಸುವುದೇ ಇಲ್ಲ. ವಲಯ ಸಂಕೇತವೇ ಕಾರಣವೆಂದು ಜನ ಭಾವಿಸುತ್ತಾರೆ. ಭಾರತ ‘ಸಿ’ ವಲಯದಲ್ಲಿ, ಅಮೆರಿಕ ‘ಎ’ ವಲಯದಲ್ಲಿ ಇರುವುದು ನಿಜ. ಆದರೆ ಮನೆಯಲ್ಲಿ ಬರೆದ ಡಿಸ್ಕಿಗೆ ವಲಯದ ಬೀಗ ಇರಬೇಕಾಗಿಲ್ಲ. ಅಡ್ಡಿ ಇರುವುದು ಫ್ರೇಮಿನ ವೇಗದಲ್ಲಿ. ಅಂಥವರಿಗೆ 25ರ ಚಿತ್ರವನ್ನು 23.976ಕ್ಕೆ ನಿಧಾನಿಸಿ ಬೇರೆ ಡಿಸ್ಕ್ ಮಾಡಬೇಕು. ಒಂದು ಗಂಟೆಯ ಚಿತ್ರ ಆಗ ಸುಮಾರು ಎರಡೂವರೆ ನಿಮಿಷ ಹಿಗ್ಗುತ್ತದೆ. ನಾದಸ್ವರದ ಶ್ರುತಿ ಇಳಿಯದಂತೆ ಧ್ವನಿಯನ್ನು ಸರಿಪಡಿಸಿಕೊಳ್ಳಬೇಕು. ಕ್ಯಾಮೆರಾದ ಎಎಸಿ ಧ್ವನಿಯೂ ಬ್ಲೂ-ರೇಗೆ ಆಗಿಬರುವುದಿಲ್ಲ, ಅದನ್ನು ಡಾಲ್ಬಿ ಡಿಜಿಟಲ್ ಅಥವಾ ಎಲ್‌ಪಿಸಿಎಂಗೆ ಬದಲಿಸಬೇಕು.

ಕನ್ನಡಕ್ಕೆ ಒಂದು ಅನುಕೂಲ ಇದೆ. ಬ್ಲೂ-ರೇಯ ಉಪಶೀರ್ಷಿಕೆಗಳು ಸಾಮಾನ್ಯವಾಗಿ ಅಕ್ಷರಗಳಾಗಿ ಅಲ್ಲ, ಚಿತ್ರಗಳಾಗಿ ಡಿಸ್ಕಿನಲ್ಲಿ ಕೂರುತ್ತವೆ. ಮೆನುವೂ ಹಾಗೆಯೇ. ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ, ದೀರ್ಘ ಎಲ್ಲವೂ ಸರಿಯಾಗಿ ಕಾಣುತ್ತವೆ. ಕಂಪ್ಯೂಟರಿನಲ್ಲಿ ಚಿತ್ರ ಮಾಡುವ ಹೊತ್ತಿಗೆ ಒತ್ತುಗಳು ಜಾಗದಲ್ಲಿ ಕೂತಿವೆಯೇ ಎಂದು ನೋಡಿಕೊಂಡರೆ ಸಾಕು. ಹಳೆಯ ತಂತ್ರಾಂಶಗಳು ಅಲ್ಲೇ ಎಡವುತ್ತವೆ.

ಬರೆಯುವ ಡಿಸ್ಕುಗಳಲ್ಲಿ ಬಿಡಿ-ಆರ್ ಒಮ್ಮೆ ಮಾತ್ರ ಬರೆಯುವಂಥದು, ಬಿಡಿ-ಆರ್‌ಇ ಅಳಿಸಿ ಬರೆಯಬಹುದಾದದ್ದು. ಆಥರಿಂಗ್ ಪರೀಕ್ಷಿಸಲು ಆರ್‌ಇ ಒಳ್ಳೆಯದು. ಉಳಿಸಿಡುವ ಪ್ರತಿಗೆ ಬಿಡಿ-ಆರ್, ಅದರಲ್ಲೂ ಲೋಹದಂಥ ನಿರವಯವ ಪದರದ ಎಚ್‌ಟಿಎಲ್ ಬಗೆಯದು ಬೇಕು. ಎಲ್‌ಟಿಎಚ್ ಎಂದು ಗುರುತಿರುವ ಅಗ್ಗದ ಬಗೆಯಲ್ಲಿ ಸಾವಯವ ಬಣ್ಣದ ಪದರವಿರುವುದರಿಂದ ಬೆಳಕು, ಶಾಖಕ್ಕೆ ಅದು ಬೇಗ ಕೆಡುತ್ತದೆ. ಮಾಹಿತಿಯ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗೆ ಮಾತ್ರ ಇರುವುದರಿಂದ ಗಟ್ಟಿ ಲೇಪ ಹಚ್ಚಿರುತ್ತಾರೆ. ಆದರೂ ಅಂಚು ಹಿಡಿದೇ ಎತ್ತಬೇಕು.

ಬ್ಲೂ-ರೇಯ 1ಎಕ್ಸ್ ವೇಗ ಎಂದರೆ ಸೆಕೆಂಡಿಗೆ 4.5 ಮೆಗಾಬೈಟ್. ಆ ವೇಗದಲ್ಲಿ ತುಂಬಿದ ಡಿಸ್ಕಿಗೆ ಒಂದೂವರೆ ಗಂಟೆ ಹಿಡಿಯುತ್ತದೆ, 4ಎಕ್ಸ್‌ನಲ್ಲಿ ಸುಮಾರು 23 ನಿಮಿಷ. ನಡುವೆ ಕರೆಂಟ್ ಹೋದರೆ ಬಿಡಿ-ಆರ್ ವ್ಯರ್ಥ, ಆದ್ದರಿಂದ ಯುಪಿಎಸ್ ಇಲ್ಲದೆ ಕೂರಬಾರದು. ಇಮ್ಗ್‌ಬರ್ನ್‌ನಂಥ ತಂತ್ರಾಂಶದಲ್ಲಿ ಬರೆದಾದ ಮೇಲೆ ‘ವೆರಿಫೈ’ ಮಾಡುವ ಆಯ್ಕೆ ಇದೆ. ಸಮಯ ಹಿಡಿಯುತ್ತದೆಂದು ಅದನ್ನು ಬಿಡುವವರೇ ಹೆಚ್ಚು. ಬಿಡಲೇಬಾರದ ಹಂತ ಅದು.

ಮದುವೆಯ ವಿಡಿಯೊ ಬಿಟ್ಟು ಕಾರ್ಖಾನೆಯ ನಕ್ಷೆ, ಲೆಕ್ಕಪತ್ರ, ಸಿಸಿ ಟಿ.ವಿ. ದೃಶ್ಯಗಳನ್ನು ಉಳಿಸಿಡುವುದಾದರೆ ಆಥರಿಂಗ್ ಬೇಕಿಲ್ಲ, ಡೇಟಾ ಡಿಸ್ಕ್ ಸಾಕು. ಬಿಡಿ-ಆರ್‌ನಲ್ಲಿ ಬರೆದದ್ದನ್ನು ತಿದ್ದಲಾಗದು ಎಂಬುದೇ ಇಲ್ಲಿ ಅದರ ಬಲ. ದೃಶ್ಯ ನ್ಯಾಯಾಲಯಕ್ಕೆ ಹೋಗುವುದಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಫೈಲಿನ ಹ್ಯಾಶ್ ಮೌಲ್ಯವನ್ನು ನಮೂದಿಸಿದ ಪ್ರಮಾಣಪತ್ರವೂ ಜೊತೆಗಿರಬೇಕು.

ಸೋನಿ ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದೇ ಅಪರೂಪ. ಹಾಗಾಗಿ ಡಿಸ್ಕಿನ ಜೊತೆಗೆ ಯುಎಸ್‌ಬಿ ಬ್ಲೂ-ರೇ ಡ್ರೈವ್ ಒಂದನ್ನು ಮನೆಯಲ್ಲಿ ಇಟ್ಟುಕೊಂಡು, ಬಿಡಿಎಂವಿ ಫೋಲ್ಡರಿನ ಇನ್ನೊಂದು ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲೂ ಉಳಿಸಬೇಕು. ಆ ಫೋಲ್ಡರ್ ಇದ್ದರೆ ಡಿಸ್ಕ್ ಕೆಟ್ಟರೂ ಮತ್ತೆ ಆಥರಿಂಗ್ ಮಾಡದೆ ನೇರವಾಗಿ ಬರೆದುಕೊಳ್ಳಬಹುದು.