ಸಿಟ್ಟಿನ ಕಣ್ಣು ಎಷ್ಟು ಚುರುಕು!

ಕೆಂಪು ಹರಳೊಂದನ್ನು ಕೈಯಲ್ಲಿ ಹಿಡಿದು, ಬಂಡೆಗೋಡೆಯೊಂದರ ಎದುರು ಮಂಡಿಯೂರಿ ಸುಮ್ಮನೆ ಕೂರಬೇಕು. ಕೆಲವು ಕ್ಷಣ ಅಲುಗಾಡದೆ ಕೂತರೆ ಸುಂಟರಗಾಳಿ ಬಂದು ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಹೀಗೆ ಮಾಡದಿದ್ದರೆ ಆಟ ಮುಂದೆ ಸಾಗುವುದೇ ಇಲ್ಲ. ಹೀಗೆ ಮಾಡಬೇಕೆಂದು ಬಿಡಿಸಿ ಹೇಳುವವರೂ ಇಲ್ಲ! ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಹೊರತಂದ ‘ಕ್ಯಾಸಲ್‌ವೇನಿಯಾ 2: ಸೈಮನ್ಸ್ ಕ್ವೆಸ್ಟ್’ ಎಂಬ ವಿಡಿಯೋ ಗೇಮಿನ ಪರಿ ಇದು. ದಾರಿ ಕೇಳಿದರೆ ಆಟದೊಳಗಿನ ಊರಿನವರು ಸುಳಿವು ಕೊಡುತ್ತಾರೆ. ಕೆಲವು ಅಪ್ಪಟ ಸುಳ್ಳು, ಕೆಲವು ಜಪಾನಿಯಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಕೈಕಾಲು ಮುರಿದುಕೊಂಡವು. ಹಗಲು ಮುಗಿದು ರಾತ್ರಿಯಾಗುವಾಗಲೆಲ್ಲ ಆಟ ನಿಂತುಬಿಡುತ್ತದೆ, ಪರದೆಯ ಮೇಲೆ ಸಂದೇಶವೊಂದು ಅಕ್ಷರಕ್ಷರವಾಗಿ ಮೂಡುತ್ತದೆ, ಅದು ಮುಗಿಯುವವರೆಗೆ ಕಾಯಬೇಕು.

ಇದರ ಮೇಲಿನ ಸಿಟ್ಟನ್ನು ಒಬ್ಬ ಹುಡುಗ ದೊಡ್ಡವನಾಗುವವರೆಗೂ ಕಾಪಿಟ್ಟುಕೊಂಡಿದ್ದ. ನ್ಯೂಜೆರ್ಸಿಯಲ್ಲಿ ಬೆಳೆದು, ಫಿಲಡೆಲ್ಫಿಯಾದಲ್ಲಿ ಸಿನಿಮಾ ಓದಿದ ಜೇಮ್ಸ್ ರೋಲ್ಫ್ 2004ರಲ್ಲಿ ಗೆಳೆಯರನ್ನು ನಗಿಸಲೆಂದು ಒಂದು ಪುಟ್ಟ ವಿಡಿಯೋ ಮಾಡಿದರು. ವಿಷಯ ಇದೇ ಆಟ. 2006ರಲ್ಲಿ ಗೆಳೆಯ ಮೈಕ್ ಮಟೈ ಒತ್ತಾಯಿಸಿದ್ದರಿಂದ ಅದು ಯೂಟ್ಯೂಬಿಗೆ ಬಂತು. ಆಮೇಲಿನದು ಪವಾಡವೇ ಸರಿ! ‘ಆಂಗ್ರಿ ವಿಡಿಯೋ ಗೇಮ್ ನರ್ಡ್’ ಎಂಬ ಪಾತ್ರ ಹುಟ್ಟಿತು. ಬಿಳಿ ಅಂಗಿ, ಜೇಬು ತುಂಬ ಪೆನ್ನು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಬಿಯರ್ ಬಾಟಲಿ, ನಾಲಿಗೆಯ ಮೇಲೆ ಅಚ್ಚು ಹಾಕಲಾಗದ ಮಾತು. ಮನೆಯ ಹಿರಿಯರ ಜೊತೆ ಕೂತು ನೋಡುವಂಥದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಬ್ಬರೇ ಕೂತು ನೋಡಿ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡ ಮೇಲೆ, ಒಂದು ಕ್ಷಣ ವಿಡಿಯೋ ನಿಲ್ಲಿಸಿ ಯೋಚಿಸಿ: ಈ ಮನುಷ್ಯ ಹೇಳಿದ್ದೆಲ್ಲ ನಿಜವಲ್ಲವೇ?

ನನಗೆ ಉಸಿರು ಕಟ್ಟುವಷ್ಟು ಬೆರಗು ಹುಟ್ಟಿಸಿದ್ದು ಅದೇ. ಬೈಗುಳದ ಅಬ್ಬರದ ಕೆಳಗೆ ಒಂದೂ ಪೊಳ್ಳು ಆರೋಪವಿಲ್ಲ. ಎಲ್ಲಿ ಜಿಗಿದರೆ ಬೀಳುತ್ತೀರಿ, ಯಾವ ಗುಂಡಿ ಒತ್ತಿದರೆ ಯಾವುದು ತಡವಾಗುತ್ತದೆ, ಯಾವ ಶತ್ರು ಎಲ್ಲಿಂದ ಅನ್ಯಾಯವಾಗಿ ಹಾರಿ ಬರುತ್ತಾನೆ, ಎಲ್ಲವನ್ನೂ ಆತ ಆಡಿ, ಸೋತು, ಮತ್ತೆ ಆಡಿ, ದಾಖಲೆ ಸಮೇತ ಮುಂದಿಡುತ್ತಾನೆ. ಸೆಗಾ ಕಂಪನಿಯ ಜೆನೆಸಿಸ್ ಯಂತ್ರಕ್ಕೆ ಸಿ.ಡಿ. ಯಂತ್ರ, ಅದರ ಮೇಲೆ 32ಎಕ್ಸ್ ಎಂಬ ಇನ್ನೊಂದು ಉಪಕರಣ ಜೋಡಿಸಿದರೆ ಮೂರಕ್ಕೂ ಬೇರೆಬೇರೆ ಅಡಾಪ್ಟರ್ ಬೇಕಿತ್ತು. ಆ ತಂತಿಗಳ ಗೋಜಲನ್ನು ಬೈಯುತ್ತಲೇ ಆತ ಒಂದು ಕಂಪನಿ ತನ್ನ ಗ್ರಾಹಕರ ನಂಬಿಕೆ ಕಳೆದುಕೊಂಡ ಚರಿತ್ರೆಯನ್ನು ನಮಗೆ ಹೇಳಿ ಮುಗಿಸಿರುತ್ತಾನೆ! ಪಾಠ ಕೇಳಿದೆವೆಂದು ನಮಗೆ ಗೊತ್ತೇ ಆಗಿರುವುದಿಲ್ಲ.

ಸಿಟ್ಟಿಗೆ ಕಾರಣವೂ ಎಷ್ಟು ಸಾಚಾ! ಎಂಬತ್ತರ ದಶಕದ ಅಮೆರಿಕದಲ್ಲಿ ಮಕ್ಕಳು ಡಬ್ಬಿಯ ಮೇಲಿನ ಚಿತ್ರ ನೋಡಿ ಗೇಮು ಆರಿಸುತ್ತಿದ್ದರು. ಇಂಟರ್ನೆಟ್ ಇರಲಿಲ್ಲ, ಕೇಳೋಣವೆಂದರೆ ಗೊತ್ತಿದ್ದವರು ಕಡಿಮೆ. ಹುಟ್ಟುಹಬ್ಬಕ್ಕೆ ಸಿಕ್ಕ ಒಂದೇ ಒಂದು ಗೇಮು, ಅಥವಾ ವಾರಾಂತ್ಯಕ್ಕೆ ಬಾಡಿಗೆಗೆ ತಂದದ್ದು. ಎಲ್‌ಜೆಎನ್ ಎಂಬ ಆಟಿಕೆ ಕಂಪನಿ ಜನಪ್ರಿಯ ಸಿನಿಮಾಗಳ ಹೆಸರಿನ ಹಕ್ಕು ಕೊಂಡು, ಬೇರೆಯವರಿಂದ ಗೇಮು ಬರೆಸಿ, ತನ್ನ ಕಾಮನಬಿಲ್ಲಿನ ಲಾಂಛನ ಒತ್ತಿ ಮಾರುತ್ತಿತ್ತು. ಸಿನಿಮಾ ಮೆಚ್ಚಿದ ಮಗು ಗೇಮು ಕೊಂಡು ಮೋಸಹೋಗುತ್ತಿತ್ತು. ನರ್ಡ್ ಆ ಲಾಂಛನ ಕಂಡೊಡನೆ ಕನಲುತ್ತಾನೆ. ಹಾಳಾದ ಅಷ್ಟೂ ವಾರಾಂತ್ಯಗಳ ಪರವಾಗಿ ಒಬ್ಬ ವಯಸ್ಕ ನಿಂತು ವಕಾಲತ್ತು ಮಾಡುತ್ತಿದ್ದಾನೆ!

ತೊಂಬತ್ತರ ದಶಕದಲ್ಲಿ ನಮ್ಮಲ್ಲೂ ಆ ಕಾಲದ ನಿಂಟೆಂಡೋ ಯಂತ್ರದ ನಕಲುಗಳು ಮನೆಮನೆಗೆ ಬಂದಿದ್ದವು. ಕ್ಯಾಸೆಟ್ ಸರಿಯಾಗಿ ಕೂರದಿದ್ದರೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ತುರುಕಿದವರು, ಸಾವಿರಾರು ಆಟ ಇದೆಯೆಂದು ಬರೆದ ಕ್ಯಾಸೆಟ್ಟಿನಲ್ಲಿ ಅದೇ ಮಾರಿಯೋ, ಅದೇ ಕಾಂಟ್ರಾ ಹೆಸರು ಬದಲಿಸಿಕೊಂಡು ಬಂದಾಗ ಮುಖ ಸಣ್ಣ ಮಾಡಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ, ಬಳ್ಳಾರಿಯಲ್ಲೂ ಇದ್ದಾರೆ. ಅವರಿಗೆ ನರ್ಡ್‌ನ ಸಿಟ್ಟು ಅನುವಾದವಿಲ್ಲದೆ ತಲುಪುತ್ತದೆ.

ನಮ್ಮ ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ನಿನ್ನ ನಂಬಿ ಕೆಟ್ಟೆ ಎಂದು ದೇವರ ಮುಖಕ್ಕೇ ಹೇಳಬಲ್ಲವನು ದೇವರನ್ನು ಎಡೆಬಿಡದೆ ನೆನೆಯುವವನೇ. ಈ ಸಿಟ್ಟಿನ ವಿಡಿಯೋಗಳ ಗುಟ್ಟೂ ಅಲ್ಲಿದೆ ಎಂದು ನನಗೆ ಖಾತ್ರಿಯಾಗಿದೆ. ಬೇಡವಾದದ್ದನ್ನು ಯಾರೂ ಇಷ್ಟು ಹತ್ತಿರದಿಂದ ನೋಡುವುದಿಲ್ಲ.

ಎಷ್ಟು ಹತ್ತಿರದಿಂದ ಎಂದರೆ, 2009ರ ಡಿಸೆಂಬರಿನಲ್ಲಿ ಮಿಲ್ವಾಕೀ ನಗರದ ರೆಡ್ ಲೆಟರ್ ಮೀಡಿಯಾ ತಂಡ ‘ಸ್ಟಾರ್ ವಾರ್ಸ್: ದಿ ಫ್ಯಾಂಟಮ್ ಮೆನೇಸ್’ ಸಿನಿಮಾದ ವಿಮರ್ಶೆಯೊಂದನ್ನು ಏರಿಸಿತು. ಎಪ್ಪತ್ತು ನಿಮಿಷ! ಆಗ ಯೂಟ್ಯೂಬಿನಲ್ಲಿ ಒಂದು ವಿಡಿಯೋಗೆ ಹತ್ತು ನಿಮಿಷದ ಮಿತಿ; ಹಾಗಾಗಿ ಏಳು ತುಂಡು. ಹೇಳುವವನು ಪ್ಲಿಂಕೆಟ್ ಎಂಬ ಕಲ್ಪಿತ ಮುದುಕ. ಗೊಗ್ಗರು ದನಿ, ಪಿಜ್ಜಾ ರೋಲಿನ ಚಪಲ, ನೆಲಮಾಳಿಗೆಯಲ್ಲಿ ಏನೋ ಭೀಕರವಾದದ್ದನ್ನು ಬಚ್ಚಿಟ್ಟಿರುವ ವಿಕೃತ. ದನಿ ಕೊಟ್ಟವರು ಮೈಕ್ ಸ್ಟೊಕ್ಲಾಸಾ. ಆ ವಿಕಾರದ ಬಾಯಲ್ಲಿ ಬರುವುದು ಚಿತ್ರಕಥೆಯ ಬಗ್ಗೆ ನಾನು ಕೇಳಿದ ಅತಿ ಸ್ವಚ್ಛ ಪಾಠ.

ಅದರಲ್ಲೊಂದು ಪರೀಕ್ಷೆ ಬರುತ್ತದೆ. ಒಂದು ಪಾತ್ರವನ್ನು ವರ್ಣಿಸಿ. ಆದರೆ ಅದರ ರೂಪ, ಉಡುಪು, ಉದ್ಯೋಗ, ಸಿನಿಮಾದಲ್ಲಿ ಅದರ ಕೆಲಸ, ಇದಾವುದನ್ನೂ ಹೇಳಕೂಡದು. ಕೆಲವರನ್ನು ಕ್ಯಾಮೆರಾದ ಮುಂದೆ ಕೂರಿಸಿ ಕೇಳುತ್ತಾರೆ. 1977ರ ಮೊದಲ ‘ಸ್ಟಾರ್ ವಾರ್ಸ್’ನ ಹ್ಯಾನ್ ಸೋಲೋ ಎಂದೊಡನೆ ಮಾತು ಪುಂಖಾನುಪುಂಖ: ಪುಂಡ, ಜಂಭದವನು, ದುಡ್ಡಿನಾಸೆ ಇದ್ದರೂ ಒಳಗೆ ಒಳ್ಳೆಯವನು. ಈಗ 1999ರ ಸಿನಿಮಾದ ಕ್ವಾಯ್‌ಗಾನ್ ಜಿನ್? ಮೌನ. ಪದ್ಮೆ ಅಮಿಡಾಲಾ? ತಡಬಡಿಕೆ, ನಗು, ಮತ್ತೆ ಮೌನ. ಹದಿನಾರು ವರ್ಷ ಜಗತ್ತು ಕಾದು ಕೂತಿದ್ದ ಸಿನಿಮಾದ ಮುಖ್ಯ ಪಾತ್ರಗಳಿಗೆ ಒಂದು ಗುಣವಾಚಕ ಸಿಗುತ್ತಿಲ್ಲ! ಸಿನಿಮಾ ಯಾಕೆ ಸಪ್ಪೆಯೆನಿಸಿತು ಎಂದು ವರ್ಷಗಟ್ಟಲೆ ಹೇಳಲಾಗದೆ ಒದ್ದಾಡಿದವರ ಎದುರು ಉತ್ತರ ಬೆತ್ತಲೆಯಾಗಿ ನಿಂತಿತ್ತು.

ನಾನು ಈ ಪರೀಕ್ಷೆಯನ್ನು ಮೆಚ್ಚಿನ ಪುಸ್ತಕಗಳ ಮೇಲೆಲ್ಲ ಪ್ರಯೋಗಿಸಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣನನ್ನೇ ತೆಗೆದುಕೊಳ್ಳಿ. ಪೆದ್ದನಂತೆ ಕಾಣುತ್ತಾನೆ, ಮದುವೆಗೆ ಹಾತೊರೆಯುತ್ತಾನೆ, ಎಡವಟ್ಟು ಮಾಡಿಕೊಳ್ಳುತ್ತಾನೆ, ಕಾಡಿನ ಹುಳಹುಪ್ಪಟೆಯ ವಿಷಯಕ್ಕೆ ಬಂದರೆ ಅವನಷ್ಟು ಸೂಕ್ಷ್ಮ ಕಣ್ಣು ಯಾರಿಗೂ ಇಲ್ಲ. ಹೇಳುತ್ತಾ ಹೋದರೆ ಮುಗಿಯುವುದಿಲ್ಲ!

ಪ್ಲಿಂಕೆಟ್ ಅಷ್ಟಕ್ಕೆ ಬಿಡುವುದಿಲ್ಲ. ಸಿನಿಮಾದ ಕೊನೆಯಲ್ಲಿ ನಾಲ್ಕು ಕಡೆ ಒಟ್ಟಿಗೆ ನಡೆಯುವ ಕಾಳಗಗಳು ಒಂದರ ಭಾವವನ್ನು ಇನ್ನೊಂದು ಹೇಗೆ ತಿಂದುಹಾಕುತ್ತವೆ ಎಂದು ಬಿಡಿಸಿ ತೋರಿಸುತ್ತಾನೆ. ಆಮೇಲೆ ತೆಗೆಯುತ್ತಾನೆ ಬ್ರಹ್ಮಾಸ್ತ್ರ: ನಿರ್ಮಾಪಕರೇ ಡಿವಿಡಿಯಲ್ಲಿ ಸೇರಿಸಿದ್ದ ಸಾಕ್ಷ್ಯಚಿತ್ರದ ತುಣುಕು. ಸಿನಿಮಾದ ಒರಟು ಸಂಕಲನವನ್ನು ಮೊದಲ ಸಲ ನೋಡಿ ಮುಗಿಸಿದ ಜಾರ್ಜ್ ಲ್ಯೂಕಸ್ ಮತ್ತವರ ತಂಡದ ಮುಖಗಳು. ಯಾರಿಗೂ ಸಮಾಧಾನವಿಲ್ಲ, ಎಲ್ಲೋ ಎಡವಿದೆವೆಂಬ ಮಾತು ಕೋಣೆಯಲ್ಲೇ ಆಡಿಯಾಗಿದೆ. ಎಂಟು ವರ್ಷದಿಂದ ಎಲ್ಲರ ಮನೆಯಲ್ಲೂ ಬಿದ್ದಿದ್ದ ಸಾಕ್ಷಿ! ಅದನ್ನು ಅದರ ಜಾಗದಲ್ಲಿ ಇಟ್ಟು ತೋರಿಸಲು ಒಬ್ಬ ಕೋಪಿಷ್ಠ ಅಭಿಮಾನಿ ಬೇಕಾಯಿತು. ಇದಕ್ಕೆ ಉತ್ತರವಾಗಿ ಸಿನಿಮಾದ ಇನ್ನೊಬ್ಬ ಅಭಿಮಾನಿ ನೂರೆಂಟು ಪುಟದ ಖಂಡನೆ ಬರೆದ. ನೂರೆಂಟು ಪುಟ! ಯಾವ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಇಂಥ ವಾದ ಪ್ರತಿವಾದ ನಡೆಯುತ್ತದೆ ಹೇಳಿ.

ಇನ್ನೊಬ್ಬರಿದ್ದಾರೆ, ಬೆನ್ ಕ್ರೋಶಾ, ಎಲ್ಲರಿಗೂ ‘ಯಾಟ್ಜೀ’. ಇಂಗ್ಲೆಂಡಿನವರು, 2007ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದಾಗ ‘ಝೀರೋ ಪಂಕ್ಚುಯೇಶನ್’ ಶುರು ಮಾಡಿದರು. ಹಳದಿ ಹಿನ್ನೆಲೆ, ಅಲುಗಾಡುವುದೂ ಕಷ್ಟವೆನ್ನುವಂಥ ಸರಳ ಚಿತ್ರಗಳು, ಪೂರ್ಣವಿರಾಮವೇ ಇಲ್ಲದ ಮಾತಿನ ಪ್ರವಾಹ, ಸುಮಾರು ಐದು ನಿಮಿಷಕ್ಕೆ ಮುಗಿತಾಯ. ಇದು ಪ್ರತಿ ಬುಧವಾರ, ಹದಿನಾರು ವರ್ಷ. 2023ರ ನವೆಂಬರಿನಲ್ಲಿ ಅದನ್ನು ಪ್ರಕಟಿಸುತ್ತಿದ್ದ ಪತ್ರಿಕೆ ಅವರ ಸಂಪಾದಕರನ್ನು ತೆಗೆದುಹಾಕಿದಾಗ ವಿಡಿಯೋ ತಂಡವೇ ಎದ್ದು ಹೊರನಡೆಯಿತು. ಹೆಸರಿನ ಹಕ್ಕು ಪತ್ರಿಕೆಯಲ್ಲೇ ಉಳಿಯಿತು. ಕ್ರೋಶಾ ‘ಸೆಕೆಂಡ್ ವಿಂಡ್’ ಎಂಬ ಹೊಸ ಮನೆಯಲ್ಲಿ ‘ಫುಲ್ಲಿ ರ‍್ಯಾಂಬ್ಲೊಮ್ಯಾಟಿಕ್’ ಎಂಬ ಹೊಸ ಹೆಸರಿನಿಂದ ಬೈಗುಳ ಮುಂದುವರಿಸಿದರು. ನೋಡುಗರೂ ಹಿಂದೆಯೇ ಹೋದರು.

ಮುದ್ರಿತ ವಿಮರ್ಶೆಗೆ ಇಲ್ಲದ ಒಂದು ಬಲ ಈ ಕಲೆಗಿದೆ, ಬೈಯುವ ವಸ್ತುವನ್ನು ಅಲ್ಲೇ ತೋರಿಸುವ ಬಲ. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 107ನೇ ಸೆಕ್ಷನ್ ವಿಮರ್ಶೆಗಾಗಿ ತುಣುಕು ಬಳಸುವುದಕ್ಕೆ ಜಾಗ ಬಿಟ್ಟಿದೆ. ಆದರೂ ‘ನಾಸ್ಟಾಲ್ಜಿಯಾ ಕ್ರಿಟಿಕ್’ ಪಾತ್ರದ ಡಗ್ ವಾಕರ್‌ರಂಥವರ ವಿಡಿಯೋಗಳ ಮೇಲೆ ದೂರು ಬರುತ್ತಲೇ ಇದ್ದವು. 2016ರಲ್ಲಿ ವಾಕರ್ ಆ ಸಿಟ್ಟನ್ನೇ ವಿಡಿಯೋ ಮಾಡಿ, ನ್ಯಾಯಯುತ ಬಳಕೆಯ ಹಕ್ಕು ಎಲ್ಲಿ ಹೋಯಿತೆಂದು ಕೇಳಿದರು. ವಿಮರ್ಶಕರು ದಂಡಾಗಿ ದನಿಗೂಡಿಸಿದರು.

ಈಗ ಕೇಳಿ, ಎಲ್ಲಕ್ಕಿಂತ ಅದ್ಭುತವಾದ ಸಂಗತಿ. ಸ್ಪೀಲ್‌ಬರ್ಗ್‌ರ ‘ಇ.ಟಿ.’ ಸಿನಿಮಾ ಆಧರಿಸಿ 1982ರಲ್ಲಿ ಅಟಾರಿ ಕಂಪನಿ ಒಂದು ಗೇಮು ತಂದಿತು. ಕ್ರಿಸ್ಮಸ್ ಮಾರಾಟ ತಪ್ಪಬಾರದೆಂದು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬರೇ ಸುಮಾರು ಐದು ವಾರದಲ್ಲಿ ಬರೆದು ಮುಗಿಸಿದ್ದು. ಲಕ್ಷಗಟ್ಟಲೆ ಕ್ಯಾಸೆಟ್ ಮಾರಾಟವಾಗದೆ ಉಳಿದವು. 1983ರಲ್ಲಿ ಅಟಾರಿ ತನ್ನ ಉಳಿಕೆ ಸರಕನ್ನು ನ್ಯೂಮೆಕ್ಸಿಕೋದ ಅಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂತಿತು. ಜಗತ್ತಿನ ಅತಿ ಕೆಟ್ಟ ಗೇಮು ಎಂಬ ಪಟ್ಟ ಇದಕ್ಕೆ. ನರ್ಡ್ ಇದನ್ನು ಬೈಯಲೇಬೇಕೆಂದು ಅಭಿಮಾನಿಗಳ ದುಂಬಾಲು. ರೋಲ್ಫ್ ವರ್ಷಗಟ್ಟಲೆ ಸತಾಯಿಸಿ, ಕೊನೆಗೆ ಅಭಿಮಾನಿಗಳು ಕೂಡಿಸಿದ ಮೂರು ಲಕ್ಷ ಡಾಲರಿಗೂ ಹೆಚ್ಚು ಹಣದಲ್ಲಿ, ಆ ಗುಂಡಿ ಹುಡುಕಿ ಹೊರಡುವ ಕಥೆಯ ಪೂರ್ಣ ಪ್ರಮಾಣದ ಸಿನಿಮಾ ತೆಗೆದರು. ಅದಿನ್ನೂ ತೆರೆ ಕಾಣುವ ಮುನ್ನವೇ, 2014ರ ಏಪ್ರಿಲ್ 26ರಂದು, ಅಲಮಗೋರ್ಡೋದಲ್ಲಿ ನಿಜವಾದ ಅಗೆತ ನಡೆದು ನಿಜವಾದ ಕ್ಯಾಸೆಟ್ಟುಗಳು ಮೇಲೆ ಬಂದವು! ದಂತಕಥೆ ಮಣ್ಣು ಕೊಡವಿಕೊಂಡು ಎದ್ದುಬಂತು. ಸುಮಾರು 1,300 ಕ್ಯಾಸೆಟ್ ಹೊರತೆಗೆದರು. ಧೂಳಿನ ಬಿರುಗಾಳಿಯಲ್ಲೂ ನೂರಾರು ಜನ ನಿಂತು ನೋಡಿದರು. ಅವರ ನಡುವೆ ವಾರ್ಷಾ ಕೂಡ ಇದ್ದರು, ಕಣ್ಣು ತುಂಬಿಕೊಂಡು. ಅದೇ ವರ್ಷದ ಜುಲೈನಲ್ಲಿ ಬಿಡುಗಡೆಯಾದ ರೋಲ್ಫ್‌ರ ಸಿನಿಮಾದಲ್ಲಿ ಅವರು ತಮ್ಮದೇ ಪಾತ್ರ ಮಾಡಿದ್ದಾರೆ. ಬೈಸಿಕೊಂಡವರು ಬೈದವರ ಸಿನಿಮಾದಲ್ಲಿ!

ಇದರ ಇನ್ನೊಂದು ತುದಿಯೂ ಇದೆ. ‘ಇ.ಟಿ.’ ಗೇಮಿನ ಬಗ್ಗೆ ಎಲ್ಲರ ದೊಡ್ಡ ದೂರು ಗುಂಡಿಗಳು. ಇ.ಟಿ.ಯ ತಲೆ ಅಂಚಿಗೆ ತಾಗಿದರೂ ಸಾಕು, ದಡಕ್ಕನೆ ಒಳಗೆ ಬೀಳುತ್ತಾನೆ. ಕುತ್ತಿಗೆ ನೀಡಿ ಮೇಲೇರಿ ಬಂದರೆ ಮತ್ತೆ ಅದೇ ಗುಂಡಿ. ಮೂರು ದಶಕದ ನಂತರ ಗೇಮಿನ ಪ್ರೇಮಿಯೊಬ್ಬ ಕೇವಲ ಎಂಟು ಕಿಲೋಬೈಟಿನ ಆ ಇಡೀ ಗೇಮನ್ನು ಬೈಟ್ ಬೈಟಾಗಿ ಬಿಚ್ಚಿ ಓದಿದ. ತಪ್ಪು ಎಲ್ಲಿದೆಯೆಂದು ಪತ್ತೆ ಹಚ್ಚಿ, ಯಾವ ಬೈಟಿನ ಜಾಗದಲ್ಲಿ ಯಾವುದನ್ನು ಬರೆಯಬೇಕೆಂದು ವಿವರಿಸಿ, ಎಲ್ಲರಿಗೂ ಸಿಗುವಂತೆ ಹಂಚಿದ. ತಿದ್ದಿದ ಆ ಗೇಮಿನಲ್ಲಿ ಇ.ಟಿ. ಗುಂಡಿಯ ಪಕ್ಕದಲ್ಲೇ ನಡೆದು ಹೋಗುತ್ತಾನೆ. ಪಾದ ಒಳಗಿಟ್ಟರೆ ಮಾತ್ರ ಬೀಳುತ್ತಾನೆ.