ಕಾಯಿ ನೋಡಿ ರೇಟು, ಕಾಗದ ನೋಡಿ ಕೆಲಸ!

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಬಂದು ಬಿದ್ದವೆಂದರೆ ಖರೀದಿದಾರ ಮೊದಲು ಏನು ಮಾಡುತ್ತಾನೆ? ರೈತನ ಹೊಲದ ಉತಾರ ಕೇಳುವುದಿಲ್ಲ. ಚೀಲದೊಳಗೆ ಮೊಣಕೈ ತನಕ ಕೈ ಹಾಕಿ, ತಳದ ಕಾಯಿ ಹೊರಗೆ ತೆಗೆದು, ಹಿಸುಕಿ, ಮುರಿದು, ಬಣ್ಣ ನೋಡುತ್ತಾನೆ. ಡಬ್ಬಿಯೋ, ಕಡ್ಡಿಯೋ, ಒಣಗಿದ್ದೋ, ತೇವದ್ದೋ, ಅರ್ಧ ನಿಮಿಷದಲ್ಲಿ ತೀರ್ಮಾನ. ಆಮೇಲೆ ಟೆಂಡರು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಾಯಿ ಇದು. ಆದರೂ ಮಾನ್ಯತೆ ನೋಡಿ ಯಾರೂ ರೇಟು ಬರೆಯುವುದಿಲ್ಲ. ಕಾಯಿ ನೋಡಿಯೇ ಬರೆಯುತ್ತಾರೆ.

ಅದೇ ಪೇಟೆಯ ಅಂಗಡಿಗೆ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದನೆನ್ನಿ. ಗಾದಿಯ ಮೇಲೆ ಕೂತ ಸಾವಕಾರರ ಮೊದಲ ಪ್ರಶ್ನೆ: "ಎಷ್ಟರ ತನಕ ಸಾಲಿ ಕಲ್ತೀಯೋ ತಮ್ಮಾ?"

"ಎಸ್ಸೆಸ್ಸೆಲ್ಸಿ ಫೇಲ್ ಆಗೇನ್ರಿ."

"ಹಂಗಾರ ಚೀಲ ಹೊರ್ತಿಯೇನು?"

ಮುಗಿಯಿತು ಸಂದರ್ಶನ! ಆ ಹುಡುಗ ಅಪ್ಪನ ಸಂಗಡ ನಾಲ್ಕು ಸುಗ್ಗಿ ಕಾಯಿ ಆರಿಸಿದವನಿರಬಹುದು. ಕತ್ತಲಲ್ಲಿ ಮುಟ್ಟಿ ತೇವದ ಕಾಯಿ ಹೇಳುವವನಿರಬಹುದು. ಅದನ್ನು ಕೇಳಿದವರು ಯಾರು? ಕಾಯಿಗೆ ಇರುವ ಮರ್ಯಾದೆ ಕಾಯಿ ಬಲ್ಲವನಿಗಿಲ್ಲ.

ಬೆರಳಿನ ವಿದ್ಯೆ

ಬ್ಯಾಡಗಿ ಕಾಯಿ ಹೆಸರಾಗಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಸತ್ವ ತಿಂಡಿ ತಿನಿಸಿನಿಂದ ಹಿಡಿದು ತುಟಿಗೆ ಹಚ್ಚುವ ಬಣ್ಣದ ತನಕ ಹೋಗುತ್ತದೆ. ಪ್ರಯೋಗಾಲಯದಲ್ಲಿ ಬಣ್ಣ ಅಳೆಯಲು 'ಆಸ್ಟಾ' ಎಂಬ ಲೆಕ್ಕವಿದೆ. ಆದರೆ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ, ಬಿಳಿಚಿದ ಕಾಯಿ ಬೇರೆ ಮಾಡುವ ಹೆಣ್ಣುಮಕ್ಕಳ ಕೈಯಲ್ಲಿ ಯಾವ ಯಂತ್ರವೂ ಇಲ್ಲ. ತೇವದ ಕಾಯಿ ರಾಶಿಯಲ್ಲಿ ಉಳಿದರೆ ಬೂಸು ಹಿಡಿಯುತ್ತದೆ, ಬಣ್ಣ ಕೆಡುತ್ತದೆ. ಅಂಥ ಕಾಯಿಯನ್ನು ಮೊದಲೇ ಹಿಡಿದು ಆಚೆ ಒಗೆಯುವಾಕೆ ಸಾವಕಾರರ ದುಡ್ಡನ್ನೇ ಉಳಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆಕೆ ಬರೀ 'ಆಳು'.

ರಾಣೇಬೆನ್ನೂರಿನ ಕಡೆ ಬನ್ನಿ. ಅಲ್ಲಿನ ಮಾತು ಬೀಜದ್ದು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು 'ವರಲಕ್ಷ್ಮಿ' ಹತ್ತಿ ತಳಿ ತಯಾರಿಸಿದ ಮೇಲೆ ಈ ಸೀಮೆಗೆ ಹೈಬ್ರಿಡ್ ಎಂಬ ಮಾತು ಹೊಸದಾಗಿ ಉಳಿಯಲಿಲ್ಲ. ಹೈಬ್ರಿಡ್ ಹತ್ತಿಬೀಜ ಕೈಯಿಂದಲೇ ಆಗಬೇಕು. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನವೇ ಬಿಡಿಸಿ, ಒಳಗಿನ ಗಂಡು ಕೇಸರವನ್ನೆಲ್ಲ ತೆಗೆಯಬೇಕು. ನಡುವಿನ ಹೆಣ್ಣು ಭಾಗಕ್ಕೆ ಉಗುರು ತಾಗಬಾರದು. ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಇದಕ್ಕೆ ಜನ 'ಕ್ರಾಸಿಂಗ್' ಎನ್ನುತ್ತಾರೆ. ಕೇಸರ ಒಂದಿಷ್ಟು ಉಳಿದರೂ ಬೀಜ ಕಲಬೆರಕೆ. ಇಷ್ಟು ನಾಜೂಕಿನ ಕೆಲಸ ಬಲ್ಲಾಕೆಯನ್ನು 'ಏನು ಓದೀಯವ್ವಾ?' ಎಂದು ಕೇಳಿದರೆ, 'ಏನೂ ಇಲ್ರಿ' ಎಂದು ತಲೆ ತಗ್ಗಿಸುತ್ತಾಳೆ.

ಇನ್ನು 1997ರಲ್ಲಿ ಜಿಲ್ಲಾ ಕೇಂದ್ರವಾದ ಹಾವೇರಿ. ಕಚೇರಿಗಳ ಊರು, ಅರ್ಜಿ-ಝೆರಾಕ್ಸ್‌ಗಳ ಊರು. ಆದರೆ ಈ ಊರಿನ ಹೆಸರನ್ನು ದೂರ ಒಯ್ದದ್ದು ಯಾವ ಮಾರ್ಕ್ಸ್‌ಕಾರ್ಡು? ಏಲಕ್ಕಿ ಮಾಲೆ! ಗಣ್ಯರ ಕೊರಳಿಗೆ ಬೀಳುವ ಆ ಮಾಲೆ ಕಟ್ಟುವುದನ್ನು ಕಲಿತವರು ಮನೆಯಲ್ಲಿ, ಹಿರಿಯರ ಪಕ್ಕ ಕೂತು ಕಲಿತವರು.

ಮಾಲೀಕರ ಅಂಜಿಕೆ

ಕಾಗದವೇ ಬೇಡ ಎಂದರೆ ತಪ್ಪಾದೀತು. ಔಷಧಿ ಅಂಗಡಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕೇ ಬೇಕು. ಬಸ್ಸಿನ ಸ್ಟೇರಿಂಗ್ ಹಿಡಿಯುವವನಿಗೆ ಲೈಸೆನ್ಸ್ ಬೇಕು. ಜಿ.ಎಸ್.ಟಿ. ಬಿಲ್ಲು ಬರೆಯುವವನಿಗೆ ಲೆಕ್ಕ ಬರಬೇಕು. ಆದರೆ ಲೆಕ್ಕ ಬರುತ್ತದೋ ಇಲ್ಲವೋ ತಿಳಿಯಲು ಹತ್ತು ಬಿಲ್ಲು ಕೊಟ್ಟು ಕೂಡಿಸಲು ಹೇಳಿದರೆ ಸಾಕಲ್ಲ? ಬಿ.ಕಾಂ. ಮುಗಿಸಿಯೂ ಚಿಟ್ಟಾ ಬರೆಯಲು ತಡವರಿಸುವವರಿದ್ದಾರೆ. ಏಳನೇ ಇಯತ್ತೆಗೆ ಬಿಟ್ಟು, ವರ್ಷದ ಲೆಕ್ಕ ಬಾಯಲ್ಲೇ ಒಪ್ಪಿಸುವ ದಿವಾನಜಿಗಳೂ ಇದ್ದಾರೆ.

ಸಾವಕಾರರ ನಿಜವಾದ ಅಂಜಿಕೆ ಬೇರೆ. "ನಾವು ಕಲಿಸೋದು, ಐದುನೂರು ಹೆಚ್ಚು ಅಂದ್ರ ಎದುರಿನ ಅಂಗಡಿಗೆ ಹಾರೋದು!" ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಾರಿದ್ದು ಯಾಕೆ? ಬಂದ ದಿನದ ಪಗಾರ, ಕೆಲಸ ಕಲಿತ ಮೂರು ವರ್ಷದ ಮೇಲೂ ಅದೇ ಪಗಾರ. ಕೈ ಪಳಗಿದ್ದು ಅವನಿಗೆ ಗೊತ್ತು, ಎದುರಿನ ಅಂಗಡಿಗೂ ಗೊತ್ತು. ಗೊತ್ತಿಲ್ಲದವರು ಇವರೊಬ್ಬರೇ.

ದಾರಿ ಇಲ್ಲವೆಂದಲ್ಲ

ಒಂದು: ಬಾಯಿಂದ ಕೇಳುವ ಬದಲು ಕೈಗೆ ಕೆಲಸ ಕೊಟ್ಟು ನೋಡಿ. ಎರಡು ರಾಶಿ ಕಾಯಿ ಮುಂದಿಟ್ಟು 'ಆರಿಸು' ಅನ್ನಿ. ಎರಡು ದಿನ ನೋಡಿದರೆ ಗೊತ್ತಾಗುತ್ತದೆ. ಆ ಎರಡು ದಿನದ ಕೂಲಿ ಮಾತ್ರ ಕೊಟ್ಟುಬಿಡಿ, ಪರೀಕ್ಷೆಯ ಹೆಸರಿನಲ್ಲಿ ಬಿಟ್ಟಿ ದುಡಿಸಬೇಡಿ.

ಎರಡು: ಯಾವ ಕೆಲಸ ಬಂದರೆ ಎಷ್ಟು ಪಗಾರ ಎಂದು ಮೊದಲೇ ಹೇಳಿ. ತೂಕ ಬಂದರೆ ಇಷ್ಟು, ಆರಿಸಲು ಬಂದರೆ ಇಷ್ಟು, ಟೆಂಡರಿಗೆ ನಿಲ್ಲುವಷ್ಟಾದರೆ ಇಷ್ಟು. 2019ರ ವೇತನ ಸಂಹಿತೆಯೇ ಕೆಲಸಗಾರರನ್ನು ಕುಶಲರಲ್ಲದವರು, ಅರೆಕುಶಲರು, ಕುಶಲರು, ಅತಿಕುಶಲರು ಎಂದು ವಿಂಗಡಿಸುತ್ತದೆ. ಅಂಗಡಿಯಲ್ಲಿ ಮಾತ್ರ ಎಲ್ಲರೂ ಆಳೇ!

ಮೂರು: ಕೆಲಸ ಬಲ್ಲವರಿಗೆ ಕಾಗದ ಕೊಡಿಸಿ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿದೇ ಕಲಿತವರ ಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಏರ್ಪಾಡಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯಂತೂ ಹಳೆಯದು. 2019ರಲ್ಲಿ ನಿಯಮ ಬದಲಾಗಿ, ನಾಲ್ಕು ಜನ ದುಡಿಯುವ ಕಡೆಯೂ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು ಎಂದಾಯಿತು. ಮೂವತ್ತು ಜನರಿದ್ದರೆ ಇಟ್ಟುಕೊಳ್ಳಲೇಬೇಕು. ಅದು ಬರೀ ದೊಡ್ಡ ಕಾರ್ಖಾನೆಯವರ ಕಾಯ್ದೆ ಎಂದು ಪೇಟೆಯವರು ಕೈಬಿಡುವಂತಿಲ್ಲ.

ಸರ್ಕಾರವೂ ಕಣ್ಣು ತೆರೆಯಬೇಕಾದ್ದಿದೆ. 2023ರಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬಡಿಗ, ಕ್ಷೌರಿಕ, ದರ್ಜಿ, ಮಾಲೆ ಕಟ್ಟುವವರು ಇದ್ದಾರೆ. ಕಾಯಿ ಆರಿಸುವಾಕೆ ಇಲ್ಲ, ಕ್ರಾಸಿಂಗ್ ಮಾಡುವಾಕೆಯೂ ಇಲ್ಲ.

ಬೆಳಗಿನ ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವಾಗ ಸುತ್ತ ನೋಡಿ. ಒಬ್ಬನ ಕಂಕುಳಲ್ಲಿ ಫೈಲು, ಅದರ ತುಂಬ ಮಾರ್ಕ್ಸ್‌ಕಾರ್ಡು, ಹಾವೇರಿಗೆ ಹೊರಟಿದ್ದಾನೆ. ಪಕ್ಕದ ಸೀಟಿನಾಕೆಯ ಬೆರಳೆಲ್ಲ ಕೆಂಪು. ಬ್ಯಾಡಗಿಯ ಬಣ್ಣ ಅದು, ಸೋಪು ಹಚ್ಚಿ ತಿಕ್ಕಿದರೂ ಬೇಗ ಹೋಗದು. ಆಕೆಯ ಸರ್ಟಿಫಿಕೇಟು ಅದೇ. ಓದಲು ಬಲ್ಲ ಸಾವಕಾರರು ಬೇಕು.