ಗಣಕಯಂತ್ರದ ಶೈತ್ಯೋಪಚಾರ: ವಾಯುವೋ, ಜಲವೋ?

ಕಾವ್ಯಗಳಲ್ಲಿ ವಿರಹತಾಪದಿಂದ ಬೆಂದವರಿಗೆ ಸಖಿಯರು ಮಾಡುವ ಶೈತ್ಯೋಪಚಾರವು ವಾಚಕರಿಗೆ ಪರಿಚಿತವೇ ಆಗಿದೆ: ಮೊದಲು ಚಂದನದ ಲೇಪ, ಬಳಿಕ ಬೀಸಣಿಗೆಯ ಗಾಳಿ, ಅದಕ್ಕೂ ತಾಪವಡಗದಿದ್ದರೆ ತಣ್ಣೀರು. ಮೇಜಿನ ಮೇಲಿನ ಗಣಕಯಂತ್ರಕ್ಕೂ ಈ ಮೂರು ಉಪಚಾರಗಳು ಇಂದು ನಡೆಯುತ್ತಿವೆ. ಅದರ ಪ್ರೊಸೆಸರಿಗೆ ಥರ್ಮಲ್ ಪೇಸ್ಟಿನ ಲೇಪವುಂಟು, ಫ್ಯಾನಿನ ಗಾಳಿಯುಂಟು, ಕೆಲವು ಯಂತ್ರಗಳಲ್ಲಿ ನೀರೂ ಉಂಟು. ಲೇಪದ ವಿಷಯದಲ್ಲಿ ವಿವಾದವಿಲ್ಲ; ಉಭಯಪಕ್ಷದವರಿಗೂ ಅದು ಸಮ್ಮತ. ಗಾಳಿ ಸಾಕೋ, ನೀರು ಬೇಕೋ ಎಂಬಲ್ಲಿ ಮಾತ್ರ ಸಂಶಯವು ಹುಟ್ಟುತ್ತದೆ. ಕೊಳ್ಳುವವನು ಹಣವನ್ನು ತೆರುವುದು ಒಂದು ಸಾರಿ, ಆಯ್ಕೆಯ ಫಲವನ್ನು ಅನುಭವಿಸುವುದು ಹಲವು ವರ್ಷ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಯುಕ್ತವಾಗಿದೆ.

ತಾಪದ ಸ್ವರೂಪ

ಪ್ರೊಸೆಸರು ಸೇವಿಸುವ ವಿದ್ಯುಚ್ಛಕ್ತಿಯು ಗಣನೆಯ ಕಾರ್ಯವನ್ನು ನಡೆಯಿಸಿ, ಕಡೆಗೆ ಬಹುತೇಕ ಸಂಪೂರ್ಣವಾಗಿ ತಾಪರೂಪವನ್ನೇ ಹೊಂದುತ್ತದೆ. 2022ರಲ್ಲಿ ಹೊರಬಂದ ಇಂಟೆಲ್ ಕೋರ್ ಐ9-13900ಕೆ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮೂಲಶಕ್ತಿಯು 125 ವಾಟ್, ಗರಿಷ್ಠ ಶಕ್ತಿಯು 253 ವಾಟ್. ಚಿಪ್ಪಿನ ವಿಸ್ತಾರವಾದರೋ ಎರಡೂವರೆ ಚದರ ಸೆಂಟಿಮೀಟರಿನಷ್ಟು ಮಾತ್ರ. ಎಂದರೆ ಒಂದೊಂದು ಚದರ ಸೆಂಟಿಮೀಟರಿಗೆ ಸುಮಾರು 100 ವಾಟ್ ಆಯಿತು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿಯೂ ಅಷ್ಟು ಸ್ಥಳಕ್ಕೆ ಬರುವುದು ಹತ್ತು ವಾಟಿಗಿಂತ ಕಡಮೆಯೇ. ತಾಪದ ಮೊತ್ತವು ದೊಡ್ಡದಲ್ಲ, ಅದು ಹುಟ್ಟುವ ಸ್ಥಳವು ಅತ್ಯಲ್ಪ. ಕಷ್ಟವೆಲ್ಲ ಇಲ್ಲಿಯೇ ಇದೆ.

ಈ ಪ್ರೊಸೆಸರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಆದುದರಿಂದ ಯಂತ್ರವು ಸುಟ್ಟುಹೋಗುವುದೆಂಬ ಭಯವು ಅಲ್ಪವಾದುದು; ಹಣಕೊಟ್ಟು ಕೊಂಡ ವೇಗವು ಕೈಗೆ ಬಾರದೆ ಹೋಗುವ ನಷ್ಟವು ಮಾತ್ರ ವಾಸ್ತವವಾದುದು.

ಸಂಜ್ಞಾವಿಚಾರ

ಅಂಗಡಿಯವರು ಒಂದನ್ನು ‘ಏರ್ ಕೂಲರ್’ ಎಂದೂ ಮತ್ತೊಂದನ್ನು ‘ಲಿಕ್ವಿಡ್ ಕೂಲರ್’ ಎಂದೂ ಕರೆಯುತ್ತಾರೆ. ಈ ಹೆಸರುಗಳು ರೂಢಿಯಿಂದ ಬಂದುವೇ ಹೊರತು ಅವಯವಾರ್ಥದಿಂದ ಬಂದುವಲ್ಲ. ಅವಯವಾರ್ಥವನ್ನು ಹಿಡಿದರೆ ಭ್ರಾಂತಿಯುಂಟಾಗುತ್ತದೆ. ಹೇಗೆಂದರೆ:

ಏರ್ ಕೂಲರಿನಲ್ಲಿ ಪ್ರೊಸೆಸರಿನ ಮೇಲೆ ತಾಮ್ರದ ಪೀಠವೊಂದಿರುತ್ತದೆ. ಅದರಿಂದ ತಾಪನಾಳಗಳು ಮೇಲಕ್ಕೆ ಹೊರಟು ಅಲ್ಯುಮಿನಿಯಮ್ಮಿನ ತೆಳುರೆಕ್ಕೆಗಳೊಳಗೆ ಹಾದುಹೋಗುತ್ತವೆ. ಈ ನಾಳಗಳ ಗರ್ಭದಲ್ಲಿ ಸ್ವಲ್ಪ ದ್ರವವಿರುತ್ತದೆ. ಅದು ಬಿಸಿಯಾದ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮರಳಿ ದ್ರವವಾಗಿ, ಒಳಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆಯು ಹರಿಯುವಂತೆ, ತಾನಾಗಿಯೇ ಹಿಂದಿರುಗುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಎಂಬಾತನು ಈ ಉಪಾಯವನ್ನು ಸಿದ್ಧಗೊಳಿಸಿದನು. ಹೀಗೆ ‘ವಾಯುಶೀತಕ’ವೆಂಬುದರಲ್ಲಿಯೂ ದ್ರವವುಂಟು.

ಲಿಕ್ವಿಡ್ ಕೂಲರಿನಲ್ಲಿ ತಾಮ್ರದ ಪೀಠದ ಒಳಗೆ ನೀರು ಹರಿಯುತ್ತದೆ. ಪಂಪು ಅದನ್ನು ಕೊಳವೆಗಳ ಮೂಲಕ ಕ್ಯಾಬಿನೆಟ್ಟಿನ ಅಂಚಿನಲ್ಲಿರುವ ರೇಡಿಯೇಟರಿಗೆ ನೂಕುತ್ತದೆ. ಅಲ್ಲಿ ನೀರನ್ನು ತಣಿಸುವುದು ಯಾವುದು? ಫ್ಯಾನಿನ ಗಾಳಿಯೇ. ಹೀಗೆ ‘ಜಲಶೀತಕ’ವೆಂಬುದರಲ್ಲಿಯೂ ವಾಯುವೇ ಅಂತಿಮಗತಿ.

ಆದುದರಿಂದ ನಿಜವಾದ ಭೇದಗಳು ಎರಡು ಮಾತ್ರ. ದ್ರವವನ್ನು ಚಲಿಸಗೊಡುವುದು ಒಂದರಲ್ಲಿ ಪ್ರಕೃತಿಧರ್ಮ, ಇನ್ನೊಂದರಲ್ಲಿ ಪಂಪು. ತಾಪವನ್ನು ಗಾಳಿಗೆ ಒಪ್ಪಿಸುವುದು ಒಂದರಲ್ಲಿ ಪ್ರೊಸೆಸರಿನ ಮೇಲೆಯೇ, ಇನ್ನೊಂದರಲ್ಲಿ ಪೆಟ್ಟಿಗೆಯ ಗೋಡೆಯ ಬಳಿ.

ಪೂರ್ವಪಕ್ಷ

ಜಲಪಕ್ಷದವರು ಹೀಗೆ ವಾದಿಸುತ್ತಾರೆ: ಸಮಾನ ಗಾತ್ರದ ನೀರು ಗಾಳಿಗಿಂತ ಸುಮಾರು 3500 ಪಾಲು ಹೆಚ್ಚು ತಾಪವನ್ನು ಹೊರಬಲ್ಲದು, ತಾಪವಾಹಕತೆಯಲ್ಲಿಯೂ ಅದು ಇಪ್ಪತ್ತು ಪಾಲಿಗಿಂತ ಮಿಗಿಲು. ದೊಡ್ಡ ಯಂತ್ರಗಳ ಇತಿಹಾಸವೂ ಇದಕ್ಕೆ ಸಾಕ್ಷಿ. 1980ರಲ್ಲಿ ಪ್ರಕಟವಾದ ಐಬಿಎಂ 3081 ಯಂತ್ರಕ್ಕೆ ನೀರೇ ಶೈತ್ಯವನ್ನೊದಗಿಸುತ್ತಿತ್ತು. 1985ರ ಕ್ರೇ-2 ಯಂತ್ರವು ವಿದ್ಯುತ್ತನ್ನು ಹರಿಯಗೊಡದ ದ್ರವವೊಂದರಲ್ಲಿ ಮುಳುಗಿಯೇ ಕೆಲಸಮಾಡುತ್ತಿತ್ತು. 2004ರಲ್ಲಿ ಆಪಲ್ ಸಂಸ್ಥೆಯು ತನ್ನ ಪವರ್ ಮ್ಯಾಕ್ ಜಿ5 ಯಂತ್ರಗಳಲ್ಲಿ ಅತಿವೇಗದ್ದಕ್ಕೆ ದ್ರವವನ್ನೇ ಆಶ್ರಯಿಸಿತು. ಆದುದರಿಂದ ಜಲವೇ ಶ್ರೇಷ್ಠ ಎಂದು ಅವರ ಮತ.

ಸಿದ್ಧಾಂತ

ನೀರಿನ ಗುಣವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಗುಣವು ಉಪಯೋಗಕ್ಕೆ ಬರುವುದು ತಾಪವನ್ನು ಸಾಗಿಸುವುದರಲ್ಲಿ, ಬಿಡಿಸುವುದರಲ್ಲಿ ಅಲ್ಲ. ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ನೀರು 250 ವಾಟ್ ತಾಪವನ್ನು ಹೊತ್ತರೆ ಕೇವಲ ಮೂರೂವರೆ ಡಿಗ್ರಿಯಷ್ಟು ಬಿಸಿಯಾಗುತ್ತದೆ. ಸಾಗಣೆಯು ಇಷ್ಟು ಸುಲಭ. ಅದೇ ತಾಪವನ್ನು ಗಾಳಿಗೆ ಒಪ್ಪಿಸಬೇಕಾದಾಗ, ಗಾಳಿಯು ಹತ್ತು ಡಿಗ್ರಿ ಬಿಸಿಯಾಗಬಹುದೆಂದು ಒಪ್ಪಿದರೂ, ಸೆಕೆಂಡಿಗೆ ಸುಮಾರು 21 ಲೀಟರಿನಷ್ಟು ಗಾಳಿಯು ಹಾದುಹೋಗಬೇಕು. ಈ ಭಾರವು ಉಭಯಪಕ್ಷಕ್ಕೂ ಸಮಾನ. ಅದನ್ನು ಹಗುರಮಾಡುವುದು ರೆಕ್ಕೆಗಳ ವಿಸ್ತಾರ ಮತ್ತು ಫ್ಯಾನುಗಳ ಬಲ. ಮೂರು ಫ್ಯಾನುಗಳುಳ್ಳ 360 ಮಿಲಿಮೀಟರಿನ ರೇಡಿಯೇಟರು ಉತ್ತಮಫಲವನ್ನು ಕೊಡುವುದು ಈ ಕಾರಣದಿಂದ. ಒಂದೇ ಫ್ಯಾನಿನ 120 ಮಿಲಿಮೀಟರಿನ ರೇಡಿಯೇಟರಿಗೆ ಈ ಲಾಭವಿಲ್ಲ. ಅದಕ್ಕಿಂತ ಒಳ್ಳೆಯ ದೊಡ್ಡ ವಾಯುಶೀತಕವೇ ಮೇಲು.

ಚಿಪ್ಪಿನಿಂದ ಅದರ ಲೋಹದ ಮುಚ್ಚಳಕ್ಕೂ, ಮುಚ್ಚಳದಿಂದ ಪೇಸ್ಟಿನ ಮೂಲಕ ತಾಮ್ರಕ್ಕೂ ತಾಪವು ದಾಟುವ ಇಕ್ಕಟ್ಟಾದ ದಾರಿಯೂ ಇಬ್ಬರಿಗೂ ಒಂದೇ. ಅಲ್ಲಿ ಉಂಟಾಗುವ ಏರಿಕೆಯನ್ನು ಹೊರಗಣ ನೀರು ಹೆಚ್ಚಾಗಿ ನೀಗಲಾರದು. ಹಾಗೆಯೇ ಇವೆರಡರಲ್ಲಿ ಯಾವುದೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿಯಿರುವ ಪ್ರೊಸೆಸರು, ಅದೇ ಕೆಲಸವನ್ನು 35 ಡಿಗ್ರಿಯ ಕೋಣೆಯಲ್ಲಿ ಮಾಡಿದರೆ ಸುಮಾರು 85ಕ್ಕೆ ಏರುವುದು ಸಹಜ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕಲಬುರಗಿ, ರಾಯಚೂರುಗಳವರು ಬೆಂಗಳೂರಿನವರ ಅನುಭವವನ್ನು ಕೇಳಿ ಆಯ್ಕೆಮಾಡುವುದು ಸಲ್ಲದು.

ದೊಡ್ಡ ಯಂತ್ರಗಳ ದೃಷ್ಟಾಂತವು ವಿಷಮವಾದುದು. ಅವುಗಳನ್ನು ನೋಡಿಕೊಳ್ಳುವುದಕ್ಕೆ ಎಂಜಿನಿಯರರಿದ್ದರು. ಮನೆಯ ಮೇಜಿಗೆ ಅಂಥವರಿಲ್ಲ. 2004ರ ಆ ಮೇಜಿನ ಯಂತ್ರಗಳಲ್ಲಿ ಕೆಲವು ಕಾಲಕ್ರಮದಲ್ಲಿ ಸೋರಿದುದೂ ಉಂಟು.

ದೋಷವಿಚಾರ

ವಾಯುಶೀತಕದಲ್ಲಿ ಚಲಿಸುವ ಭಾಗವು ಫ್ಯಾನೊಂದೇ. ಅದು ನಿಂತರೂ ಲೋಹವು ಸ್ವಲ್ಪ ತಾಪವನ್ನು ಬಿಡುತ್ತಲೇ ಇರುತ್ತದೆ. ಫ್ಯಾನನ್ನು ಮಾತ್ರ ಬದಲಾಯಿಸಿದರೆ ಸಾಕು. ಜಲಶೀತಕದಲ್ಲಿ ಪಂಪು ನಿಂತರೆ ನೀರೂ ನಿಲ್ಲುತ್ತದೆ, ತಾಪವು ಬೇಗನೆ ಮಿತಿಯನ್ನು ಮುಟ್ಟುತ್ತದೆ. ಮುಚ್ಚಿದ ವ್ಯವಸ್ಥೆಯಾದುದರಿಂದ ಸಾಮಾನ್ಯವಾಗಿ ಇಡೀ ಉಪಕರಣವನ್ನೇ ಬದಲಾಯಿಸಬೇಕು. ಕೊಳವೆಗಳ ಮೂಲಕ ನೀರು ವರ್ಷಗಳಲ್ಲಿ ಅಲ್ಪಾಲ್ಪವಾಗಿ ಇಂಗಿಹೋಗುತ್ತದೆ. ಸೋರಿಕೆಯು ವಿರಳ, ಆದರೆ ಸಂಭವಿಸಿದರೆ ಮದರ್‌ಬೋರ್ಡು ಮೊದಲಾದ ಬೆಲೆಬಾಳುವ ಭಾಗಗಳು ಕೆಡಬಹುದು. ವಾಯುಶೀತಕದ ಗಾಳಿಯು ಪ್ರೊಸೆಸರಿನ ಸುತ್ತಲಿರುವ ಭಾಗಗಳನ್ನೂ ತಣಿಸುವುದು ಅದರ ಅಧಿಕ ಗುಣ.

ವಾಯುಶೀತಕಕ್ಕೂ ದೋಷಗಳಿವೆ. 2014ರಲ್ಲಿ ಆಸ್ಟ್ರಿಯ ದೇಶದ ನಾಕ್ಟುವಾ ಸಂಸ್ಥೆಯು ಹೊರತಂದ ಎನ್‌ಎಚ್-ಡಿ15 ಎಂಬುದು ಈ ಜಾತಿಯಲ್ಲಿ ಪ್ರಸಿದ್ಧವಾದುದು. ಅದರ ಎತ್ತರ 165 ಮಿಲಿಮೀಟರ್. ಎರಡು ಫ್ಯಾನುಗಳು ಸೇರಿ ತೂಕ 1320 ಗ್ರಾಂ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಇದು ಹಿಡಿಯದು. ಎತ್ತರದ ಮೆಮೊರಿ ಪಟ್ಟಿಗಳಿಗೆ ತಾಗಬಹುದು. ಯಂತ್ರವನ್ನು ದೂರ ಸಾಗಿಸುವಾಗ ಇಷ್ಟು ಭಾರವು ಮದರ್‌ಬೋರ್ಡಿಗೆ ಜೋತುಬಿದ್ದಿರುವುದು ಅಪಾಯಕರ.

ನಿರ್ಣಯ

ಬರೆವಣಿಗೆ, ಲೆಕ್ಕಪತ್ರ, ಗ್ರಂಥಮುದ್ರಣದ ಅಕ್ಷರಜೋಡಣೆ ಮೊದಲಾದುವುಗಳಿಗೆ 65 ವಾಟಿನ ಪ್ರೊಸೆಸರೇ ಸಾಕು. ಅದಕ್ಕೆ ಸಣ್ಣ ವಾಯುಶೀತಕವೇ ಯಥೇಷ್ಟ. ಆಟಗಳಿಗೆಂದು ಕೊಳ್ಳುವ ಪ್ರೊಸೆಸರುಗಳಿಗೂ, ಉದಾಹರಣೆಗೆ 2023ರ ರೈಜೆನ್ 7 7800ಎಕ್ಸ್3ಡಿ ಎಂಬ 120 ವಾಟಿನದಕ್ಕೂ, ಒಳ್ಳೆಯ ವಾಯುಶೀತಕವು ಸಾಲುತ್ತದೆ. 250 ವಾಟಿನ ಪ್ರೊಸೆಸರನ್ನು ಚಲಚ್ಚಿತ್ರಸಂಸ್ಕರಣವೇ ಮೊದಲಾದ ಕೆಲಸಗಳಿಗಾಗಿ ಗಂಟೆಗಟ್ಟಲೆ ಪೂರ್ಣವೇಗದಲ್ಲಿ ದುಡಿಸುವವರಿಗೆ 360 ಮಿಲಿಮೀಟರಿನ ಜಲಶೀತಕವು ಯುಕ್ತ. ಎತ್ತರಕ್ಕೆ ಎಡೆಯಿಲ್ಲದೆ ರೇಡಿಯೇಟರಿಗೆ ಎಡೆಯುಳ್ಳ ಪೆಟ್ಟಿಗೆಗೂ ಅದೇ ಯುಕ್ತ. ವರ್ಷಗಟ್ಟಲೆ ಯಾರೂ ಮುಚ್ಚಳ ತೆರೆದು ನೋಡದ ಕಚೇರಿಯ ಯಂತ್ರಕ್ಕಾದರೋ ವಾಯುವೇ ಶರಣು.

ಇವೆರಡಕ್ಕಿಂತ ಮೊದಲು ಯೋಚಿಸತಕ್ಕ ಮೂರನೆಯ ಮಾರ್ಗವೊಂದುಂಟು. ಬಯಾಸ್‌ನಲ್ಲಿ ಪ್ರೊಸೆಸರಿನ ಶಕ್ತಿಮಿತಿಯನ್ನು ತಗ್ಗಿಸಿದರೆ ತಾಪವು ಇಳಿಯುವಷ್ಟು ವೇಗವು ಇಳಿಯುವುದಿಲ್ಲ. ಕೊನೆಯ ಅಲ್ಪವೇಗಕ್ಕಾಗಿ ವೋಲ್ಟೇಜನ್ನು ಏರಿಸಬೇಕಾಗುವುದೂ, ಶಕ್ತಿಯ ವ್ಯಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೂ ಇದಕ್ಕೆ ಕಾರಣ. ಹೀಗೆ ಮಾಡಿದವರಲ್ಲಿ ಅನೇಕರಿಗೆ ನೀರಿನ ಅಗತ್ಯವೇ ಬೀಳದು.

ಜಲಶೀತಕವನ್ನೇ ಆರಿಸಿದವರು ರೇಡಿಯೇಟರಿನ ಮೇಲ್ತುದಿಯು ಪಂಪಿಗಿಂತ ಎತ್ತರದಲ್ಲಿರುವಂತೆ ಜೋಡಿಸತಕ್ಕದ್ದು; ಇಲ್ಲವಾದರೆ ಒಳಗಿನ ಗಾಳಿಯು ಪಂಪಿನಲ್ಲಿ ಸೇರಿ ಸದ್ದನ್ನೂ ಸವೆತವನ್ನೂ ಉಂಟುಮಾಡುತ್ತದೆ. ರೆಕ್ಕೆಗಳ ಧೂಳನ್ನು ಆಗಾಗ ತೆಗೆಯುವುದು ಉಭಯರಿಗೂ ಕರ್ತವ್ಯ. ಧೂಳು ಕಟ್ಟಿದ ರೆಕ್ಕೆಗಳೊಳಗೆ ಗಾಳಿಯು ಹಾಯದು. ಗಾಳಿಯು ಹಾಯದಿದ್ದರೆ ಎರಡು ಉಪಚಾರಗಳೂ ವ್ಯರ್ಥವಾಗುವುವು.